ಗುಮಾನಿಗೂ ಒಂದು ತನಿಖೆ ಬೇಕು

2018ರ ಡಿಸೆಂಬರ್ 26ರಂದು ಕಾಂಗೋ ದೇಶದ (ಹಿಂದಿನ ಜೈರ್) ಚುನಾವಣಾ ಆಯೋಗ ಒಂದು ಪ್ರಕಟಣೆ ಹೊರಡಿಸಿತು. ಇನ್ನು ನಾಲ್ಕು ದಿನಕ್ಕೆ, ಅಂದರೆ 30ಕ್ಕೆ, ಇಡೀ ದೇಶ ಹೊಸ ಅಧ್ಯಕ್ಷರನ್ನು ಆರಿಸಬೇಕಿತ್ತು. ಆದರೆ ಪೂರ್ವದ ಉತ್ತರ ಕಿವು ಪ್ರಾಂತ್ಯದ ಬೆನಿ, ಬುಟೆಂಬೊ ಪಟ್ಟಣಗಳಲ್ಲೂ ಅವುಗಳ ಸುತ್ತಮುತ್ತಲೂ ಮತದಾನವನ್ನು ಮಾರ್ಚಿಗೆ ಮುಂದೂಡಲಾಗಿದೆ ಎಂದಿತು ಆಯೋಗ. ಎಬೋಲಾ ರೋಗ ಮತ್ತು ಬಂಡುಕೋರರ ಹಾವಳಿ ಅದು ಕೊಟ್ಟ ಕಾರಣಗಳು. ಅಧ್ಯಕ್ಷರ ಪ್ರಮಾಣವಚನ ಜನವರಿಗೇ ನಿಗದಿಯಾಗಿತ್ತು. ಹತ್ತು ಲಕ್ಷಕ್ಕೂ ಮಿಕ್ಕ ಮತದಾರರು ಅಧ್ಯಕ್ಷರನ್ನು ಆರಿಸುವ ಲೆಕ್ಕದಿಂದಲೇ ಹೊರಬಿದ್ದರು, ಅದೂ ವಿರೋಧ ಪಕ್ಷದ ಕಡೆ ಒಲವಿದ್ದ ಸೀಮೆಯವರು. ಮರುದಿನ ಬೆನಿಯಲ್ಲಿ ಜನ ಬೀದಿಗಿಳಿದರು. ಎಬೋಲಾ ಶಂಕಿತರನ್ನು ಇರಿಸಿದ್ದ ಕೇಂದ್ರದ ಮೇಲೆ ದಾಳಿಯಾಯಿತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದ ಹಲವರು ಓಡಿಹೋದರು. 30ರಂದು ಅದೇ ಊರಿನವರು ತಮ್ಮದೇ ಒಂದು ಮತಗಟ್ಟೆ ಹೂಡಿ, ಬಾಗಿಲಲ್ಲಿ ಕೈ ತೊಳೆದು, ಸಾಲಿನಲ್ಲಿ ನಿಂತು ಯಾರೂ ಎಣಿಸದ ಓಟು ಹಾಕಿದರು. ಹೊರಜಗತ್ತಿಗೆ ಮುಟ್ಟಿದ್ದು ಆಸ್ಪತ್ರೆಯ ಮೇಲಿನ ದಾಳಿಯ ಸುದ್ದಿ. ರೋಗವನ್ನೇ ನಂಬದ ಮೂಢಜನ ಎಂಬ ಚಿತ್ರ ಅದರಿಂದ ಮೂಡಿತು. ಕೈ ತೊಳೆದು ಓಟು ಹಾಕಿದವರನ್ನು ಆ ಚಿತ್ರದೊಳಗೆ ಕೂರಿಸುವುದು ಹೇಗೆ?

ಆ ಸೀಮೆಯ ಗುಮಾನಿಗೆ ಅಂಕಿಅಂಶವೂ ಇದೆ. 2018ರ ಸೆಪ್ಟೆಂಬರಿನಲ್ಲಿ ಸಂಶೋಧಕರು ಬೆನಿ ಮತ್ತು ಬುಟೆಂಬೊಗಳ 961 ವಯಸ್ಕರನ್ನು ಮಾತನಾಡಿಸಿದರು. ಎಬೋಲಾ ಎಂಬ ರೋಗವೇ ಇಲ್ಲ ಎಂದವರು ನಾಲ್ವರಲ್ಲಿ ಒಬ್ಬರು. ಹಣ ಹೊಡೆಯಲು ಹೆಣೆದ ಕಥೆ ಎಂದವರು ಹತ್ತಿರಹತ್ತಿರ ಮೂವರಲ್ಲಿ ಒಬ್ಬರು. ಈ ಪ್ರದೇಶವನ್ನು ಅಸ್ಥಿರಗೊಳಿಸಲು ಮಾಡಿದ ಹುನ್ನಾರ ಎಂದವರು ಅದಕ್ಕಿಂತಲೂ ಹೆಚ್ಚು, ನೂರಕ್ಕೆ 36 ಮಂದಿ. ಇಂಥ ಮಾತನ್ನು ನಂಬಿದವರು ಲಸಿಕೆ ಹಾಕಿಸಿಕೊಳ್ಳಲು, ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಿದ್ದರು. ಅಲ್ಲಿಗೆ ಗುಮಾನಿ ಬರೀ ಮಾತಾಗಿ ಉಳಿಯದೆ ಸಾವಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಈ ಅಂಕಿಗಳನ್ನು ಅಜ್ಞಾನದ ಅಳತೆ ಎಂದು ಓದುವುದು ಸುಲಭ. ನನಗೆ ಆ ಓದು ಒಪ್ಪಿಗೆಯಿಲ್ಲ. ಬೆನಿಯ ಸುತ್ತಲಿನ ಹಳ್ಳಿಗಳಲ್ಲಿ 2014ರ ಅಕ್ಟೋಬರಿನಿಂದ ನರಮೇಧ ನಡೆಯುತ್ತಿತ್ತು. ಮಚ್ಚು ಕೊಡಲಿ ಹಿಡಿದು ರಾತ್ರಿ ನುಗ್ಗುವ ಗುಂಪುಗಳು ನೂರಾರು ಜನರನ್ನು ಕಡಿದು ಹಾಕಿದ್ದವು. ಹತ್ತಿರದಲ್ಲೇ ಸರ್ಕಾರಿ ಸೇನೆಯಿತ್ತು, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೂ ಇತ್ತು. ಸೇನೆಯ ಅಧಿಕಾರಿಗಳೇ ಹಂತಕರಿಗೆ ಬೆಂಬಲವಾಗಿದ್ದ ಆರೋಪಗಳು ವಿಶ್ವಸಂಸ್ಥೆಯ ತಜ್ಞರ ವರದಿಯಲ್ಲೇ ದಾಖಲಾಗಿವೆ. ನಾಲ್ಕು ವರ್ಷ ಕೊಚ್ಚಿಹಾಕುತ್ತಿದ್ದಾಗ ಬಾರದವರು ಒಂದು ಜ್ವರ ಕಾಣಿಸಿಕೊಂಡ ಕೂಡಲೇ ಸಾಲುಸಾಲು ಜೀಪುಗಳಲ್ಲಿ ಬಂದಿಳಿದರೆ, ಇವರು ಬಂದದ್ದು ಯಾರಿಗಾಗಿ ಎಂದು ಕೇಳುವುದು ಬುದ್ಧಿಯಿರುವ ಯಾರಿಗಾದರೂ ಸಹಜ. ಅದೇ ಹೊತ್ತಿಗೆ ಕಾಂಗೋದಲ್ಲಿ ದಡಾರವೂ ಹಬ್ಬಿತ್ತು. ಅದಕ್ಕೆ ಬಲಿಯಾದವರು 7,000ಕ್ಕೂ ಹೆಚ್ಚು, ಬಹುಪಾಲು ಮಕ್ಕಳು. ಎಬೋಲಾ ಕೊಂದದ್ದಕ್ಕಿಂತ ಮೂರು ಪಟ್ಟು ಜನರನ್ನು ಕೊಂದ ಆ ರೋಗಕ್ಕೆ ಅಷ್ಟು ಜೀಪು, ಅಷ್ಟು ಡಾಲರು ಬರಲಿಲ್ಲ.

ಹಾಗಾದರೆ ಆ ವೈರಾಣುವನ್ನು ಯಾರೋ ತಂದು ಬಿಟ್ಟರೆ? ಇಲ್ಲ. ಯುದ್ಧದ ನೆಲದಲ್ಲಿ ರೋಗ ಹಬ್ಬಿದಾಗ ಹುಟ್ಟುವ ಗುಮಾನಿಯೊಳಗೆ ಎರಡು ಬೇರೆಬೇರೆ ಆರೋಪಗಳು ಹೆಣೆದುಕೊಂಡಿರುತ್ತವೆ. ಈ ರೋಗದಿಂದ ಅಧಿಕಾರಸ್ಥರು ಲಾಭ ಪಡೆಯುತ್ತಿದ್ದಾರೆ, ನಮ್ಮ ಜೀವಕ್ಕೆ ಅವರ ಲೆಕ್ಕದಲ್ಲಿ ಬೆಲೆಯಿಲ್ಲ ಎಂಬುದು ಒಂದು. ಈ ರೋಗವನ್ನು ಅವರೇ ಸೃಷ್ಟಿಸಿ ತಂದರು ಎಂಬುದು ಇನ್ನೊಂದು. ಮೊದಲನೆಯದು ಬಹಳ ಸಲ ನಿಜವಾಗಿರುತ್ತದೆ. ಎರಡನೆಯದು ಅಪರೂಪಕ್ಕೆ ನಿಜವಾಗುತ್ತದೆ. ಮೊದಲನೆಯದರ ಸತ್ಯವೇ ಎರಡನೆಯದಕ್ಕೆ ಜಾಮೀನು ನಿಲ್ಲುವುದರಿಂದ ಅನಾಹುತವಾಗುತ್ತದೆ. ಎರಡನ್ನೂ ಬಿಡಿಸಿ, ಒಂದೊಂದನ್ನೂ ಸಾಕ್ಷ್ಯದ ಮುಂದೆ ನಿಲ್ಲಿಸಬೇಕು. ಎರಡನ್ನೂ ಒಟ್ಟಿಗೆ ನಂಬುವುದಾಗಲಿ ಒಟ್ಟಿಗೆ ತಳ್ಳಿಹಾಕುವುದಾಗಲಿ ಒಂದೇ ಬಗೆಯ ಸೋಮಾರಿತನ ಎಂಬುದು ನನ್ನ ವಾದ.

ವೈರಾಣುವಿನ ಮೂಲದ ಪ್ರಶ್ನೆಯನ್ನು ಮೊದಲು ನೋಡೋಣ. ಎಬೋಲಾ ಮೊದಲು ಗುರುತಿಗೆ ಸಿಕ್ಕಿದ್ದು 1976ರಲ್ಲಿ, ಉತ್ತರ ಕಾಂಗೋದ ಯಾಂಬುಕು ಎಂಬಲ್ಲಿ. ಉತ್ತರ ಕಿವುವಿನದು ಆ ದೇಶ ಕಂಡ ಹತ್ತನೆಯ ಹಾವಳಿ. ಒಂಬತ್ತನೆಯದು ದೇಶದ ಪಶ್ಚಿಮ ಭಾಗದ ಎಕ್ವಾಟರ್ ಪ್ರಾಂತ್ಯದಲ್ಲಿ 2018ರ ಜುಲೈ 24ಕ್ಕೆ ಮುಗಿಯಿತೆಂದು ಘೋಷಣೆಯಾಯಿತು. ಎಂಟೇ ದಿನಕ್ಕೆ, ಆಗಸ್ಟ್ 1ರಂದು, ಪೂರ್ವದಲ್ಲಿ ಬೆನಿಯ ಪಕ್ಕದ ಮಾಂಗಿನಾದಲ್ಲಿ ಹತ್ತನೆಯದು ಪ್ರಕಟವಾಯಿತು. ಇದು ಹೇಗೆ ಕಾಕತಾಳೀಯ ಎಂದು ಜನ ಕೇಳಿದ್ದರಲ್ಲಿ ತಪ್ಪೇನಿದೆ? ಒಂದು ಕಡೆಯಿಂದ ತಂದು ಇನ್ನೊಂದು ಕಡೆ ಬಿಟ್ಟರು ಎಂಬ ಮಾತನ್ನು ಪರೀಕ್ಷೆಗೆ ಒಡ್ಡಬಹುದಿತ್ತು, ಒಡ್ಡಲಾಯಿತು ಕೂಡ. ಕಾಂಗೋದ್ದೇ ಆದ, ಕಿನ್ಶಾಸಾದ ರಾಷ್ಟ್ರೀಯ ಜೈವಿಕ ವೈದ್ಯಕೀಯ ಸಂಸ್ಥೆಯಲ್ಲಿ ವೈರಾಣುವಿನ ಜೀನೋಮ್ ಓದಿದರು. ಯಾಂಬುಕುವಿನ ಕಾಲದಿಂದ ಎಬೋಲಾದ ಬೆನ್ನುಹತ್ತಿದ ಜೀನ್-ಜಾಕ್ ಮುಯೆಂಬೆ ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಪೂರ್ವದ ವೈರಾಣು ಪಶ್ಚಿಮದ್ದಲ್ಲ ಎಂಬುದು ಸ್ಪಷ್ಟವಾಯಿತು. ಕಾಡಿನ ಪ್ರಾಣಿಯಿಂದ ಮನುಷ್ಯನಿಗೆ ಬೇರೆಯಾಗಿಯೇ ದಾಟಿದ ಇನ್ನೊಂದು ಕವಲು ಅದು.

ಜೀನೋಮ್ ಇಷ್ಟು ಖಚಿತವಾಗಿ ಸಾಕ್ಷಿ ಹೇಳುವುದು ಹೇಗೆ ಎಂಬುದನ್ನು ತುಸು ಬಿಡಿಸಿ ಹೇಳಬೇಕು. ವೈರಾಣು ಒಂದು ದೇಹದಿಂದ ಇನ್ನೊಂದಕ್ಕೆ ದಾಟುತ್ತ ತನ್ನ ಪ್ರತಿ ಮಾಡಿಕೊಳ್ಳುವಾಗ ಸಣ್ಣಪುಟ್ಟ ತಪ್ಪುಗಳು ಸೇರುತ್ತ ಹೋಗುತ್ತವೆ. ವರ್ಷಕ್ಕೆ ಹೆಚ್ಚುಕಡಿಮೆ ಎಷ್ಟು ತಪ್ಪು ಎಂಬ ಅಂದಾಜೂ ಇದೆ. ಹೊಲಕ್ಕೆ ಬಿತ್ತಿದ ಬೀಜ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ, ಕಣಜದಲ್ಲಿಟ್ಟದ್ದು ಹಾಗೇ ಉಳಿಯುತ್ತದೆ, ಇದೂ ಹಾಗೆಯೇ. ಪ್ರಯೋಗಾಲಯದ ಫ್ರೀಜರಿನಲ್ಲಿ ಇಪ್ಪತ್ತು ವರ್ಷ ಇದ್ದ ವೈರಾಣು ಹೊರಬಿದ್ದರೆ ಅದರ ಮೇಲೆ ಇಪ್ಪತ್ತು ವರ್ಷದ ತಪ್ಪುಗಳು ಇರುವುದಿಲ್ಲ. ಇದು ಊಹೆಯ ಮಾತಲ್ಲ. 1977ರಲ್ಲಿ ಚೀನಾ ಮತ್ತು ಸೋವಿಯತ್ ಒಕ್ಕೂಟದಲ್ಲಿ ಕಾಣಿಸಿಕೊಂಡು ಜಗತ್ತನ್ನು ಸುತ್ತಿದ ಫ್ಲೂ 1950ರ ಸುಮಾರಿನ ತಳಿಗೆ ಬಹುಪಾಲು ತದ್ರೂಪವಾಗಿತ್ತು. ಅದು ಯಾವುದೋ ಪ್ರಯೋಗಾಲಯದಿಂದಲೋ ಲಸಿಕೆಯ ಪ್ರಯೋಗದಿಂದಲೋ ಹೊರಬಿದ್ದಿರಬೇಕು ಎಂದು ಇಂದು ವೈರಾಣು ತಜ್ಞರೇ ಹೇಳುತ್ತಾರೆ. ಅಂದರೆ ಈ ಪರೀಕ್ಷೆ ಅಧಿಕಾರಸ್ಥರನ್ನು ಖುಲಾಸೆ ಮಾಡಲೆಂದೇ ಇರುವುದಲ್ಲ, ಹಿಡಿದೂ ಕೊಡುತ್ತದೆ. ಉತ್ತರ ಕಿವುವಿನ ವೈರಾಣು ಹಳೆಯ ಯಾವ ಸಂಗ್ರಹದ ಪ್ರತಿಯೂ ಆಗಿರಲಿಲ್ಲ.

ಯುದ್ಧವಿದ್ದಲ್ಲಿಯೇ ಏಕೆ ಇಂಥ ರೋಗ ಎಂಬ ಪ್ರಶ್ನೆಗೆ ಅದೇ ಈಶಾನ್ಯ ಕಾಂಗೋದ ಡುರ್ಬಾ ಎಂಬ ಊರಿನಲ್ಲಿ ಉತ್ತರವಿದೆ. ಎರಡನೆಯ ಕಾಂಗೋ ಯುದ್ಧ ನಡೆಯುತ್ತಿದ್ದ 1998ರಿಂದ 2000ದವರೆಗೆ ಅಲ್ಲಿ ಮಾರ್ಬರ್ಗ್ ರೋಗ ಹಬ್ಬಿ, 154 ಜನರಲ್ಲಿ 128 ಮಂದಿ ತೀರಿಕೊಂಡರು. ಮಾರ್ಬರ್ಗ್ ಎಬೋಲಾದ ಸೋದರ ವೈರಾಣು, ಸೋವಿಯತ್ ವಿಜ್ಞಾನಿಗಳು ಅಸ್ತ್ರವಾಗಿಸಲು ಹೆಣಗಿದ್ದೂ ಹೌದು. ಅನುಮಾನಕ್ಕೆ ಇದಕ್ಕಿಂತ ಫಲವತ್ತಾದ ನೆಲ ಬೇಕೆ? ಆದರೆ ರೋಗಿಗಳಿಂದ ತೆಗೆದ ವೈರಾಣುಗಳನ್ನು ಹೋಲಿಸಿದಾಗ ಸಿಕ್ಕಿದ್ದು ಒಂದಲ್ಲ, ಕನಿಷ್ಠ ಒಂಬತ್ತು ಬೇರೆಬೇರೆ ಕವಲುಗಳು. ಯಾರಾದರೂ ತಂದು ಬಿಟ್ಟಿದ್ದರೆ ಒಂದು ಕವಲು ಇರಬೇಕಿತ್ತು. ರೋಗ ಮತ್ತೆ ಮತ್ತೆ ಪ್ರಕೃತಿಯಿಂದಲೇ ದಾಟಿತ್ತು, ಎಲ್ಲಿಂದ ಎಂಬುದೂ ಗೊತ್ತಾಯಿತು. ಆಡಳಿತ ಕುಸಿದು ಬೇರೆ ಸಂಪಾದನೆ ಇಲ್ಲವಾದಾಗ ಜನ ಗೊರುಂಬ್ವಾ ಎಂಬ ಚಿನ್ನದ ಗಣಿಯೊಳಗೆ ಯಾವ ರಕ್ಷಣೆಯೂ ಇಲ್ಲದೆ ಇಳಿದು ಅಗೆಯುತ್ತಿದ್ದರು. ಆ ಸುರಂಗಗಳ ತುಂಬ ಬಾವಲಿಗಳು. ಗಣಿಗೆ ನೀರು ನುಗ್ಗಿ ಮುಳುಗಿದ ಮೇಲೆ ರೋಗವೂ ನಿಂತಿತು. ಇನ್ನೊಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ವಿಜ್ಞಾನಿಗಳು ಬರುವ ಹತ್ತು ವರ್ಷ ಮೊದಲೇ ಅಲ್ಲಿಯವರು ‘ಡುರ್ಬಾದ ರಕ್ತಸ್ರಾವದ ಕಾಯಿಲೆ’ ಎಂದು ಇದಕ್ಕೊಂದು ಹೆಸರಿಟ್ಟಿದ್ದರು. ಊರಿಗೆ ತಿಳಿದಿತ್ತು. ಕೇಳುವವರು ಇರಲಿಲ್ಲ.

ಯುದ್ಧ ಭೂಮಿಯ ಬಳಕೆಯನ್ನೇ ಬದಲಿಸುತ್ತದೆ, ಅದರ ಜೊತೆಗೆ ಯಾವ ಪ್ರಾಣಿ ಯಾರ ಹತ್ತಿರ ಬದುಕುತ್ತದೆ ಎಂಬುದನ್ನೂ. 1944ರಲ್ಲಿ ಜರ್ಮನರನ್ನು ಓಡಿಸಿ ಕ್ರಿಮಿಯಾಕ್ಕೆ ಬಂದ ಸೋವಿಯತ್ ಸೈನಿಕರಲ್ಲಿ ರಕ್ತ ಕಾರುವ ಜ್ವರ ಕಾಣಿಸಿತು, ಸುಮಾರು ಇನ್ನೂರು ಜನ ಹಾಸಿಗೆ ಹಿಡಿದರು. ಆಕ್ರಮಣದ ವರ್ಷಗಳಲ್ಲಿ ಹೊಲಗಳು ಪಾಳುಬಿದ್ದು, ಬೇಟೆ ನಿಂತು, ಮೊಲಗಳೂ ಅವುಗಳ ಮೈಮೇಲಿನ ಉಣ್ಣೆಗಳೂ ವಿಪರೀತ ಹೆಚ್ಚಿದ್ದವು. ಆ ಪಾಳುಹೊಲಗಳಲ್ಲೇ ಸೈನಿಕರು ಮಲಗಿದ್ದರು. ಕೊರಿಯಾದಲ್ಲಿ 1951ರಿಂದ ವಿಶ್ವಸಂಸ್ಥೆಯ ಕಡೆಯ ಸುಮಾರು ಮೂರು ಸಾವಿರ ಸೈನಿಕರಿಗೆ ಮೂತ್ರಪಿಂಡ ಕೆಡಿಸುವ, ರಕ್ತ ಸೋರುವ, ಗುರುತೇ ಸಿಗದ ಜ್ವರ ಬಂತು. 1952ರಲ್ಲಿ ಉತ್ತರ ಕೊರಿಯಾ ಮತ್ತು ಚೀನಾ ಅಮೆರಿಕದ ಮೇಲೆ ರೋಗಾಣು ಯುದ್ಧದ ಆರೋಪ ಹೊರಿಸಿದವು. ಜೋಸೆಫ್ ನೀಡಮ್‌ರಂಥ ವಿದ್ವಾಂಸರಿದ್ದ ಆಯೋಗ ಅದನ್ನು ಎತ್ತಿಹಿಡಿಯಿತು. ಆ ಸಾಕ್ಷ್ಯವನ್ನು ಸೃಷ್ಟಿಸಲಾಗಿತ್ತು ಎಂದು ಸೂಚಿಸುವ ಸೋವಿಯತ್ ಕಡತಗಳು 1998ರಲ್ಲಿ ಹೊರಬಂದವು. ಸೈನಿಕರ ಜ್ವರದ ಮೂಲ ಸಿಕ್ಕಿದ್ದು ದಕ್ಷಿಣ ಕೊರಿಯಾದ ಲೀ ಹೊ-ವಾಂಗ್ ಅವರಿಗೆ, 1970ರ ದಶಕದ ಕೊನೆಯಲ್ಲಿ, ಒಂದು ಜಾತಿಯ ಹೊಲದ ಇಲಿಯೊಳಗೆ. ಅಲ್ಲಿಯೇ ಹರಿಯುವ ಹಂತಾನ್ ನದಿಯ ಹೆಸರನ್ನೇ ಆ ವೈರಾಣುವಿಗೆ ಇಟ್ಟರು. ಯುದ್ಧ ಮುಗಿದು ಕಾಲು ಶತಮಾನ ಕಳೆದಿತ್ತು. ಉತ್ತರ ಇಷ್ಟು ತಡವಾಗಿ ಬರುವಲ್ಲಿ ಮಧ್ಯದ ಖಾಲಿಯನ್ನು ಆರೋಪಗಳು ತುಂಬುತ್ತವೆ.

ಇನ್ನು ಆಸ್ಪತ್ರೆಯ ಕಥೆ. ಯಾಂಬುಕುವಿನ ಮಿಷನ್ ಆಸ್ಪತ್ರೆಯಲ್ಲಿ 1976ರಲ್ಲಿ ದಿನಕ್ಕೆ ಐದೇ ಸಿರಿಂಜುಗಳನ್ನು ನೂರಾರು ಜನರಿಗೆ ಬಳಸಲಾಗುತ್ತಿತ್ತು. ರೋಗ ಹಬ್ಬಿದ ಮುಖ್ಯ ದಾರಿಗಳಲ್ಲಿ ಅದೊಂದು. 27 ವರ್ಷಗಳ ಅಂತರ್ಯುದ್ಧ 2002ರಲ್ಲಿ ಮುಗಿದ ಅಂಗೋಲಾದ ಉಯಿಜ್‌ನಲ್ಲಿ ಎರಡೇ ವರ್ಷಕ್ಕೆ ಮಾರ್ಬರ್ಗ್ ಬಂದಾಗ 252 ಜನರಲ್ಲಿ 227 ಮಂದಿ ಸತ್ತರು, ಮೊದಮೊದಲು ಸತ್ತವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳು. ಬೆನಿಯಲ್ಲೂ ಮಲೇರಿಯಾಕ್ಕೆ ಚುಚ್ಚುಮದ್ದು ಹಾಕಿಸಲು ಸಣ್ಣ ಖಾಸಗಿ ದವಾಖಾನೆಗಳಿಗೆ ಹೊತ್ತೊಯ್ದ ಮಕ್ಕಳು ಅಲ್ಲಿಂದಲೇ ಎಬೋಲಾ ಅಂಟಿಸಿಕೊಂಡು ಬಂದರು. ಆಸ್ಪತ್ರೆಗೆ ಹೋದವರು ಸಾಯುತ್ತಾರೆ ಎಂಬ ಮಾತು ಇಂಥಲ್ಲಿ ಗಾಳಿಸುದ್ದಿಯಲ್ಲ, ಕಣ್ಣಾರೆ ಕಂಡದ್ದು. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಇಷ್ಟಾದ ಮೇಲೆ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ನಿಜವಾಗಿ ರೋಗಾಣುಗಳನ್ನು ಅಸ್ತ್ರ ಮಾಡಿದವರು ಇದ್ದರಲ್ಲ? ಸುಳ್ಳು ಹೇಳಿದ ಸರ್ಕಾರಗಳು ಇದ್ದವಲ್ಲ? ಇದ್ದವು, ಮತ್ತು ಈ ಆಕ್ಷೇಪಕ್ಕೆ ನಾನು ಪೂರ್ಣ ಮನ್ನಣೆ ಕೊಡುತ್ತೇನೆ. ಜಪಾನಿನ 731ನೇ ಘಟಕ ಮಂಚೂರಿಯಾದಲ್ಲಿ ಜೀವಂತ ಕೈದಿಗಳ ಮೇಲೆ ಪ್ಲೇಗ್, ಆಂಥ್ರಾಕ್ಸ್‌ಗಳನ್ನು ಪ್ರಯೋಗಿಸಿತು. 1979ರ ಏಪ್ರಿಲಿನಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್ಲೋವ್‌ಸ್ಕ್ ನಗರದಲ್ಲಿ ಕನಿಷ್ಠ 66 ಜನ ಆಂಥ್ರಾಕ್ಸ್‌ಗೆ ಬಲಿಯಾದಾಗ, ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರ್ಕಾರ ಹೇಳಿತು. ಅದು ಮಿಲಿಟರಿ ಕೇಂದ್ರದಿಂದ ಸೋರಿದ್ದು ಎಂಬ ಸತ್ಯವನ್ನು ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ತ್ಸಿನ್ ಒಪ್ಪಿಕೊಂಡದ್ದು 1992ರಲ್ಲಿ. ಅಮೆರಿಕದ ವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ, ಸತ್ತವರು ಸೋರಿಕೆಯಾದ ದಿನ ಎಲ್ಲಿದ್ದರು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿದರು. ಬಹುಪಾಲು ಎಲ್ಲರೂ ಮಿಲಿಟರಿ ಕೇಂದ್ರದಿಂದ ಗಾಳಿ ಬೀಸಿದ ದಿಕ್ಕಿನ ಒಂದು ಕಿರಿದಾದ ಪಟ್ಟಿಯೊಳಗಿದ್ದರು. 2010ರಲ್ಲಿ ಹೈಟಿಯ ಜನ, ಕಾಲರಾ ತಂದದ್ದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೇಪಾಳಿ ಶಿಬಿರ ಎಂದಾಗ ಅದನ್ನು ಪುಕಾರು ಎಂದು ತಳ್ಳಿಹಾಕಲಾಯಿತು. ಶಿಬಿರದ ಹೊಲಸು ನದಿಗೆ ಸೇರುತ್ತಿತ್ತು. ಬ್ಯಾಕ್ಟೀರಿಯಾದ ಜೀನೋಮ್ ನೇಪಾಳದ ತಳಿಯೊಂದಿಗೆ ತಾಳೆಯಾಯಿತು. ಸುಮಾರು ಹತ್ತು ಸಾವಿರ ಜನ ಸತ್ತ ಮೇಲೆ, 2016ರಲ್ಲಿ, ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಕ್ಷಮೆ ಕೇಳಿದರು. ಪಾಕಿಸ್ತಾನದ ಅಬೊಟಾಬಾದಿನಲ್ಲಿ ಒಸಾಮಾ ಬಿನ್ ಲಾಡೆನ್ ಕುಟುಂಬದ ಡಿಎನ್‌ಎ ಪಡೆಯಲು ಸಿಐಎ ಹೆಪಟೈಟಿಸ್ ಲಸಿಕೆಯ ನಾಟಕ ಹೂಡಿದ್ದು 2011ರಲ್ಲಿ ಬಯಲಾಯಿತು. ಮರುವರ್ಷದಿಂದ ಆ ದೇಶದಲ್ಲಿ ಪೋಲಿಯೊ ಹನಿ ಹಾಕುವ ಹೆಣ್ಣುಮಕ್ಕಳು ಗುಂಡಿಗೆ ಬಲಿಯಾಗತೊಡಗಿದರು. ಆ ಗುಂಡು ಹಾರಿಸಿದವರ ಪಾಪ ಅವರದ್ದೇ. ಆದರೆ ಲಸಿಕೆಯ ವೇಷ ತೊಟ್ಟು ಬೇಹುಗಾರಿಕೆ ಮಾಡಿದವರು ಜಗತ್ತಿನ ಮಕ್ಕಳಿಗೆ ಮಾಡಿದ ದ್ರೋಹವೂ ಸಣ್ಣದಲ್ಲ.

ಈ ಉದಾಹರಣೆಗಳನ್ನು ಮುಂದಿಟ್ಟು, ನೋಡಿ, ಎಲ್ಲ ರೋಗಗಳ ಹಿಂದೆಯೂ ಕೈಯಿದೆ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಸ್ವೆರ್ಡ್ಲೋವ್‌ಸ್ಕ್, ಹೈಟಿ ಎರಡೂ ಸಾಬೀತಾದದ್ದು ಗುಮಾನಿಯ ತೀವ್ರತೆಯಿಂದಲ್ಲ. ಗಾಳಿಯ ದಿಕ್ಕು, ನದಿಯ ಹರಿವು, ರೋಗಾಣುವಿನ ವಂಶಾವಳಿಗಳಿಂದ. ಅದೇ ಅಳತೆಗೋಲುಗಳನ್ನು ಡುರ್ಬಾಕ್ಕೂ ಬೆನಿಗೂ ಇಟ್ಟಾಗ ಬೇರೆ ಉತ್ತರ ಬಂತು. ಒಂದು ಕಡೆ ಉತ್ತರ ಹಿಡಿಸಿತೆಂದು ಒಪ್ಪಿ, ಇನ್ನೊಂದು ಕಡೆ ಹಿಡಿಸಲಿಲ್ಲವೆಂದು ಅಳತೆಗೋಲನ್ನೇ ಮುರಿಯುವುದು ನ್ಯಾಯವಲ್ಲ. ಜೊತೆಗೆ, ಗುಮಾನಿಯೂ ತಯಾರಾದ ಸರಕಾಗಿರಬಹುದು. ಏಡ್ಸ್ ಅಮೆರಿಕದ ಫೋರ್ಟ್ ಡೆಟ್ರಿಕ್ ಪ್ರಯೋಗಾಲಯದ ಸೃಷ್ಟಿ ಎಂಬ ಕಥೆ ಮೊದಲು ಅಚ್ಚಾದದ್ದು ನಮ್ಮ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ, 1983ರ ಜುಲೈನಲ್ಲಿ, ಹೆಸರಿಲ್ಲದ ಅಮೆರಿಕನ್ ವಿಜ್ಞಾನಿಯೊಬ್ಬರ ಪತ್ರವೆಂಬಂತೆ. ಎರಡು ವರ್ಷದ ಬಳಿಕ ಸೋವಿಯತ್ ಪತ್ರಿಕೆಯೊಂದು ಅದನ್ನೇ ಆಧಾರವಾಗಿ ತೋರಿಸಿ ಜಗತ್ತಿಗೆಲ್ಲ ಹಂಚಿತು. ಅದು ತಮ್ಮ ಬೇಹುಗಾರಿಕೆಯ ಕೆಲಸವೆಂದು 1992ರಲ್ಲಿ ರಷ್ಯಾದ ಗುಪ್ತಚರ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಒಪ್ಪಿಕೊಂಡರು. ಅಷ್ಟರಲ್ಲಿ ಆ ಕಥೆ ಆಫ್ರಿಕಾದ ಎಷ್ಟೋ ಕಡೆ ಜನರ ನಂಬಿಕೆಯೊಳಗೆ ಇಳಿದುಹೋಗಿತ್ತು.

ಕರ್ನಾಟಕದ ಓದುಗರಿಗೆ ಇದು ದೂರದ ಕಥೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಹತ್ತಿದಾಗ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನ ಪುಣೆಯ ಸಂಸ್ಥೆ ಪತ್ತೆಮಾಡಿದ ವೈರಾಣು ರಷ್ಯಾದ ಒಂದು ಮೆದುಳುಜ್ವರದ ವೈರಾಣುವಿನ ಬಂಧುವಾಗಿತ್ತು. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಊಹೆಯಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ಅಧ್ಯಯನ ಬೆಳೆಯಿತು. ಅದಕ್ಕೆ ಮುಂದೆ ಅಮೆರಿಕದ ಸೇನೆಯ ಹಣವೂ ಬಂತು. ದೆಹಲಿಯಲ್ಲಿ ಸೊಳ್ಳೆ ನಿಯಂತ್ರಣದ ವಿದೇಶಿ ನೆರವಿನ ಯೋಜನೆಯೂ ಅದೇ ಕಾಲದಲ್ಲಿ ವಿವಾದಕ್ಕೆ ಸಿಕ್ಕಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಇಂಥ ಯೋಜನೆಗಳನ್ನು ಒರೆಗೆ ಹಚ್ಚಿ, ಈ ಮಾಹಿತಿ ಯಾರ ಉಪಯೋಗಕ್ಕೆ ಎಂದು ಕೇಳಿತು; ಸೊಳ್ಳೆ ಯೋಜನೆ ನಿಂತುಹೋಯಿತು. ಸಮಿತಿಯ ಎಲ್ಲ ಸಂಶಯಗಳೂ ಸರಿಯಿದ್ದವು ಎಂದು ನಾನು ಹೇಳುವುದಿಲ್ಲ. ಆದರೆ ಹಣ ಯಾರದು, ಮಾಹಿತಿ ಯಾರಿಗೆ ಎಂದು ಕೇಳಿದ್ದು ಸರಿ, ಕೇಳಿದ ಜಾಗವೂ ಸರಿ. ಮಂಗನ ಕಾಯಿಲೆಯ ಮಟ್ಟಿಗೆ ಕೊನೆಗೆ ನಿಂತ ವಿವರಣೆ ಕಾಡು ಕಡಿದ ಅಂಚುಗಳು, ಅಲ್ಲಿ ಮೇಯುವ ದನ, ಹೆಚ್ಚಿದ ಉಣ್ಣೆ. ಬೆನಿಯವರಿಗೆ ಪ್ರಶ್ನೆ ಕೇಳಲು ಇಂಥ ಒಂದು ವೇದಿಕೆಯೂ ಇರಲಿಲ್ಲ. ಓಟಿನ ಹಕ್ಕನ್ನೂ ಅದೇ ರೋಗದ ಹೆಸರಿನಲ್ಲಿ ಕಿತ್ತುಕೊಳ್ಳಲಾಗಿತ್ತು.

ಗುಮಾನಿಗೆ ಕಿವಿಗೊಟ್ಟರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗಿ ಇನ್ನಷ್ಟು ಹಬ್ಬುತ್ತದೆ, ವೈದ್ಯರ ಜೀವಕ್ಕೆ ಕುತ್ತಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದರ ಹಿಂದಿನ ನೋವು ನಿಜವಾದದ್ದು. 2019ರ ಫೆಬ್ರುವರಿಯಲ್ಲಿ ಕಟ್ವಾ ಮತ್ತು ಬುಟೆಂಬೊದ ಎಬೋಲಾ ಚಿಕಿತ್ಸಾ ಕೇಂದ್ರಗಳ ಮೇಲೆ ಮೂರು ದಿನಗಳ ಅಂತರದಲ್ಲಿ ದಾಳಿಯಾಯಿತು. ಏಪ್ರಿಲ್ 19ರಂದು ಕ್ಯಾಮರೂನಿನಿಂದ ಬಂದಿದ್ದ ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯ ರಿಚರ್ಡ್ ಮೌಜೋಕೊ ಅವರನ್ನು ಬುಟೆಂಬೊದ ಆಸ್ಪತ್ರೆಯಲ್ಲೇ ಗುಂಡಿಟ್ಟು ಕೊಂದರು. ಅದೇ ನವೆಂಬರಿನಲ್ಲಿ ಎಬೋಲಾ ಬಗ್ಗೆ ತಿಳಿವಳಿಕೆ ಹೇಳುತ್ತಿದ್ದ ರೇಡಿಯೊ ಪತ್ರಕರ್ತ ಪಾಪಿ ಮಹಾಂಬಾ ಅವರನ್ನು ಮನೆಯಲ್ಲೇ ಇರಿದು ಕೊಂದರು. ರೋಗ ಪ್ರಯೋಗಾಲಯದಲ್ಲಿ ತಯಾರಾಯಿತೆಂದು ಓಟಿನ ಆಸೆಗೆ ಸಾರಿದ ರಾಜಕಾರಣಿಗಳ ಹೊಣೆಯನ್ನು ಇಲ್ಲಿ ಯಾರೂ ಹಗುರ ಮಾಡಬಾರದು. ಆದರೆ ಕಿವಿಗೊಡದೆ ಇದ್ದುದರ ಫಲವೂ ಎದುರಿಗಿದೆ. ಮೊದಲ ತಿಂಗಳುಗಳಲ್ಲಿ ಲಸಿಕೆಯ ತಂಡಗಳು ಎಷ್ಟೋ ಕಡೆ ಪೊಲೀಸ್, ಸೇನೆಯ ಕಾವಲಿನಲ್ಲಿ ಹೋದವು. ನಾಲ್ಕು ವರ್ಷ ತಮ್ಮನ್ನು ಕಾಯದ ಸೇನೆ ಈಗ ಸೂಜಿಯೊಂದಿಗೆ ಬಾಗಿಲಿಗೆ ಬಂದರೆ ಆ ಮನೆಯವರು ಏನೆಂದುಕೊಳ್ಳಬೇಕು? ಹಣದ ಬಗೆಗಿನ ಗುಮಾನಿ ಏನಾಯಿತೆಂದೂ ನೋಡಿ. ಎಬೋಲಾ ಕೆಲಸದ ಹೊಣೆ ಹೊತ್ತಿದ್ದ ಆರೋಗ್ಯ ಮಂತ್ರಿ ಓಲಿ ಇಲುಂಗಾ 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು, ಎಬೋಲಾ ನಿಧಿಯ ದುರುಪಯೋಗಕ್ಕಾಗಿ 2020ರಲ್ಲಿ ಶಿಕ್ಷೆಗೊಳಗಾದರು. 2021ರ ಸೆಪ್ಟೆಂಬರಿನಲ್ಲಿ ಬಂದ ಸ್ವತಂತ್ರ ಆಯೋಗದ ವರದಿ ಪರಿಹಾರ ಕೆಲಸಕ್ಕೆ ಬಂದವರಲ್ಲಿ ಎಂಬತ್ತಕ್ಕೂ ಹೆಚ್ಚು ಜನರ ಮೇಲೆ ಲೈಂಗಿಕ ಶೋಷಣೆಯ ಆರೋಪಗಳನ್ನು ದಾಖಲಿಸಿತು. ಅವರಲ್ಲಿ 21 ಮಂದಿ ವಿಶ್ವ ಆರೋಗ್ಯ ಸಂಸ್ಥೆಯವರು. ಕೆಲಸ ಬೇಕಾದರೆ ಮೈ ಒಪ್ಪಿಸಬೇಕು ಎಂದು ಹೆಣ್ಣುಮಕ್ಕಳಿಗೆ ಹೇಳಿದ್ದರು. ‘ಗಾಳಿಸುದ್ದಿ’ ಎಂಬ ಒಂದೇ ಗಂಟಿನಲ್ಲಿ ಈ ಸತ್ಯಗಳೂ ಕಟ್ಟಿಹೋಗಿದ್ದವು ಎಂಬುದನ್ನು ನೆನೆದರೆ ಕೋಪ ಬರುತ್ತದೆ.

ಕಿವಿಗೊಟ್ಟಲ್ಲಿ ಫಲವೂ ಸಿಕ್ಕಿತು. ಮುಚ್ಚಿದ ಡೇರೆಯೊಳಗೆ ಹೋದವರು ಹೆಣವಾಗಿ ಚೀಲದಲ್ಲಿ ಬರುತ್ತಾರೆ, ಒಳಗೆ ಅಂಗಾಂಗ ಕದಿಯುತ್ತಾರೆ ಎಂಬ ಮಾತಿಗೆ ‘ಅಲಿಮಾ’ ಎಂಬ ಸಂಸ್ಥೆ ಪಾರದರ್ಶಕ ಗೋಡೆಗಳ ಚಿಕಿತ್ಸಾ ಕೋಣೆಗಳನ್ನು ನಿಲ್ಲಿಸಿತು. ತಾಯಿ ಹೊರಗೆ ಕುರ್ಚಿ ಹಾಕಿಕೊಂಡು ಮಗುವನ್ನು ನೋಡುತ್ತ ಮಾತನಾಡಬಹುದಿತ್ತು. ರೋಗದಿಂದ ಬದುಕಿ ಬಂದವರನ್ನೇ ಅನಾಥ ಮಕ್ಕಳ ಆರೈಕೆಗೆ ಇಟ್ಟುಕೊಂಡರು. ಊರಿನ ಹುಡುಗರಿಗೇ ಶವಸಂಸ್ಕಾರದ ರಕ್ಷಣಾ ಉಡುಪು ಕೊಟ್ಟು ತರಬೇತಿ ಮಾಡಿಸಿದರು. ಇವುಗಳಲ್ಲಿ ಯಾವುದೂ ಗುಮಾನಿಯನ್ನು ಒಪ್ಪಿಕೊಂಡದ್ದಲ್ಲ. ನಂಬಿ ಎಂದು ಉಪದೇಶಿಸುವ ಬದಲು ನೋಡಿ ಎಂದದ್ದು.

ತುರ್ತು ಹೊತ್ತಿನಲ್ಲಿ ಇದಕ್ಕೆಲ್ಲ ವೇಳೆ ಎಲ್ಲಿದೆ, ಲಸಿಕೆಯಿದೆ, ಔಷಧವಿದೆ, ಕೆಲಸ ಮುಗಿಸಬೇಕು ಎನ್ನುವವರೂ ಇದ್ದಾರೆ. ಅವರಿಗೆ ಒಂದು ಹೋಲಿಕೆ ಸಾಕು. ಅದೇ 2018ರಲ್ಲಿ, ಅದೇ ಕಾಂಗೋದಲ್ಲಿ, ಅದೇ ಲಸಿಕೆ ಬಳಸಿ ಎಕ್ವಾಟರ್ ಪ್ರಾಂತ್ಯದ ಹಾವಳಿಯನ್ನು ಹನ್ನೊಂದು ವಾರದಲ್ಲಿ ನಿಲ್ಲಿಸಲಾಯಿತು. ಸತ್ತವರು 33. ರೋಗ ಮ್ಬಂಡಾಕಾದಂಥ ದೊಡ್ಡ ನಗರವನ್ನು ಮುಟ್ಟಿಯೂ ಅಲ್ಲಿ ನಿಂತಿತು, ಏಕೆಂದರೆ ಆ ಪ್ರಾಂತ್ಯದಲ್ಲಿ ಯುದ್ಧವಿರಲಿಲ್ಲ. ಪೂರ್ವದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಯೂ, ಪರಿಣಾಮಕಾರಿಯಾದ ಎರಡು ಹೊಸ ಔಷಧಗಳು ನಡುವೆ ಸಿದ್ಧವಾಗಿಯೂ, ಹಾವಳಿ 2020ರ ಜೂನ್ 25ರವರೆಗೆ ಎಳೆಯಿತು. 3,470 ಜನರಿಗೆ ತಗುಲಿ 2,287 ಮಂದಿ ಸತ್ತರು. ವಿಜ್ಞಾನ ಎರಡೂ ಕಡೆ ಒಂದೇ ಆಗಿತ್ತು. ಎಕ್ವಾಟರಿನ ಅನೇಕ ಹಳ್ಳಿಗಳು ದಾರಿಯಿಲ್ಲದ ಕಾಡಿನೊಳಗಿದ್ದವು, ಜನಸಂಚಾರವೂ ಕಡಿಮೆ ಎಂಬ ವ್ಯತ್ಯಾಸವನ್ನು ಒಪ್ಪುತ್ತೇನೆ. ಅದೊಂದೇ ಈ ಅಂತರವನ್ನು ವಿವರಿಸಲಾರದು.

ಇಷ್ಟೆಲ್ಲ ಹೇಳಿದ ಮೇಲೆ ತನಿಖೆ ಮಾಡುವವರು ಯಾರು ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ, ಅಲ್ಲಿಯೇ ಜಗತ್ತಿನ ವ್ಯವಸ್ಥೆ ಟೊಳ್ಳಾಗಿದೆ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಒಪ್ಪಂದಕ್ಕೆ 1972ರಲ್ಲಿ ಸಹಿ ಬಿದ್ದು, 1975ರಲ್ಲಿ ಜಾರಿಗೆ ಬಂತು. ಅಣುಶಕ್ತಿಗೆ, ರಾಸಾಯನಿಕ ಅಸ್ತ್ರಗಳಿಗೆ ಇರುವಂತೆ ಇದಕ್ಕೆ ತಪಾಸಣೆಯ ಸಂಸ್ಥೆಯಿಲ್ಲ. ವರ್ಷಗಟ್ಟಲೆ ಚರ್ಚಿಸಿದ ತಪಾಸಣಾ ನಿಯಮಾವಳಿಯ ಕರಡನ್ನು 2001ರಲ್ಲಿ ಅಮೆರಿಕ ತಿರಸ್ಕರಿಸಿದ ಮೇಲೆ ಆ ಮಾತು ಅಲ್ಲಿಗೇ ಬಿದ್ದುಹೋಯಿತು. 2022ರಲ್ಲಿ ಉಕ್ರೇನಿನ ಪ್ರಯೋಗಾಲಯಗಳಲ್ಲಿ ಅಮೆರಿಕ ರೋಗಾಣು ಅಸ್ತ್ರ ಮಾಡುತ್ತಿದೆ ಎಂದು ರಷ್ಯಾ ಆರೋಪಿಸಿದಾಗ, ಆಧಾರವಿಲ್ಲದ ಆ ಮಾತನ್ನು ಸ್ಥಳಕ್ಕೆ ಹೋಗಿ ತಳ್ಳಿಹಾಕುವ ಅಧಿಕಾರವಿರುವ ತಪಾಸಕರು ಯಾರೂ ಇರಲಿಲ್ಲ. ಅಮೆರಿಕಕ್ಕೆ 2001ರಲ್ಲಿ ತಪಾಸಣೆ ತೊಡಕೆನಿಸಿತ್ತು. 2022ರಲ್ಲಿ ಅಂಥ ತಪಾಸಣೆ ಇದ್ದಿದ್ದರೆ ಅದರ ಮಾತಿಗೇ ಬಲ ಬರುತ್ತಿತ್ತು.

ಈ ಟೊಳ್ಳುತನಕ್ಕೆ ಬೆಲೆ ತೆರುವ ಕಾಲ ದೂರವಿಲ್ಲ. 2023ರ ಏಪ್ರಿಲಿನಲ್ಲಿ ಸುಡಾನಿನ ಕಾಳಗಗಾರರು ಖಾರ್ಟೂಮಿನ ರಾಷ್ಟ್ರೀಯ ಆರೋಗ್ಯ ಪ್ರಯೋಗಾಲಯವನ್ನು ಹಿಡಿದು ತಂತ್ರಜ್ಞರನ್ನು ಹೊರಗಟ್ಟಿದರು. ಪೋಲಿಯೊ, ದಡಾರ, ಕಾಲರಾ ಮಾದರಿಗಳು ಒಳಗಿದ್ದವು. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಉತ್ತರ ಕಿವುವಿನ ರಾಜಧಾನಿ ಗೋಮಾವನ್ನು ವಶಪಡಿಸಿಕೊಂಡಾಗ, ಅಲ್ಲಿನ ಪ್ರಯೋಗಾಲಯದಲ್ಲಿ ಎಬೋಲಾ ಸೇರಿದಂತೆ ಹಲವು ರೋಗಾಣುಗಳ ಮಾದರಿಗಳಿವೆ, ವಿದ್ಯುತ್ ಹೋದರೆ ಅಪಾಯ ಎಂದು ರೆಡ್‌ಕ್ರಾಸ್ ಎಚ್ಚರಿಸಿತು. ಗೋಮಾದಲ್ಲಿ ಮುಂದೆ ಎಂದಾದರೂ ಎಬೋಲಾ ಕಾಣಿಸಿಕೊಂಡರೆ ಅದು ಕಾಡಿನಿಂದ ಬಂತೋ ಫ್ರೀಜರಿನಿಂದ ಬಂತೋ ಎಂದು ಜನ ಕೇಳುತ್ತಾರೆ, ಕೇಳಬೇಕು ಕೂಡ. ಅಂದು ಉತ್ತರ ಹೇಳಲು ಸಾಧ್ಯವಾಗಬೇಕಾದರೆ ಇಂದೇ ಕೆಲವು ಕೆಲಸ ಆಗಿರಬೇಕು. ಆ ಫ್ರೀಜರಿನಲ್ಲಿರುವ ಮಾದರಿಗಳ ಪಟ್ಟಿ ಇನ್ನೆಲ್ಲೋ ಭದ್ರವಾಗಿರಬೇಕು. ಅವುಗಳ ಜೀನೋಮ್ ಮೊದಲೇ ಓದಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿರಬೇಕು. ನಗರ ಕೈಬದಲಾದ ವಾರಗಳಲ್ಲಿ ಬೀಗದ ಕೈ ಯಾರ ಬಳಿಯಿತ್ತು ಎಂಬುದು ದಾಖಲಾಗಿರಬೇಕು. ಆ ದಾಖಲೆಯನ್ನು ಓದುವ ತಂಡದಲ್ಲಿ ಕಿನ್ಶಾಸಾದವರು, ಜಿನೀವಾದವರು ಇರುವಂತೆಯೇ ಗೋಮಾದ ನರ್ಸುಗಳೂ ಬೆನಿಯ ಶಾಲಾ ಮಾಸ್ತರರೂ ಇರಬೇಕು.